ಎರಡನೇ ಆಲ್ಬಮ್ಮಿನ ಕೊನೆಯ ಹಾಡು

"ಎಡಕ್ಕೆ ವಾಲಿಸಮ್ಮಾ... ಅಯ್ಯೋ, ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ!"

ದೊಡ್ಡ ಡ್ರಮ್ಮು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಎಳೆಯುತ್ತಿದ್ದವಳು ಸತ್ತವಳ ಮಗಳು. ಹೊರಗಿನಿಂದ ತಳ್ಳುತ್ತಿದ್ದವನು, ಸತ್ತವಳೇ 'ಗುಡುಗಣ್ಣ' ಎಂದು ಹೆಸರಿಟ್ಟಿದ್ದ ಡ್ರಮ್ಮರ್.

ಸೋದರಮಾವ ಕುರ್ಚಿಯಿಂದ ಎದ್ದರು. "ಹೆಣ ಮುಂದಿಟ್ಕೊಂಡು ಇದನ್ನ ಬಡೀತೀರಾ? ಬಂದವರು ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಳಲಿ ಮಾವ. ಅಮ್ಮನಿಗೆ ಮಾತು ಕೊಟ್ಟಿದೀನಿ."

"ನಾಳೆ ಮಾಡ್ಕೊಳ್ಳಿ. ಯಾರು ಬೇಡ ಅಂದ್ರು?"

"ನಾಳೆ ಇವರಿಬ್ರನ್ನೂ ಒಂದೇ ಕೋಣೆಗೆ ಕರ್ಕೊಂಡು ಬರೋಕೆ ನಿಮ್ಮ ಕೈಲಾಗುತ್ತಾ?"

ಮಾವ ಕಿಟಕಿಯತ್ತ ನೋಡಿದರು. ಬೇಸ್ ಗಿಟಾರಿನ 'ಮೌನಿ' ಡ್ರಮ್ಮರನಿಗೆ ಬೆನ್ನು ಹಾಕಿ ಕೂತು ತಂತಿ ಬಿಗಿ ಮಾಡುತ್ತಿದ್ದ. ಮಾವ ಮತ್ತೆ ಕುರ್ಚಿಯಲ್ಲಿ ಕೂತರು.

*

ಸತ್ತವಳು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದವಳು. ರಜೆಯ ದಿನ ಅವಳು, ಗುಡುಗಣ್ಣ, ಮೌನಿ ಮೂವರೂ ಅಂಗಡಿಯ ಹಿಂಬದಿಯಲ್ಲಿ, ತೂಗುಹಾಕಿದ ಕೋಟುಗಳ ನಡುವೆ ನುಡಿಸುತ್ತಿದ್ದರು. ಕೋಟುಗಳು ಪ್ರತಿಧ್ವನಿಯನ್ನು ನುಂಗಿಬಿಡುತ್ತಿದ್ದವು. ಹಾಗಾಗಿ ಮೊದಲ ಆಲ್ಬಮ್ಮನ್ನೂ ಅಲ್ಲೇ ಧ್ವನಿಮುದ್ರಿಸಿದರು. ಬ್ಲೂಸ್ ರಾಕ್ ಅಂದರೇನು ಎಂದು ಅವಳ ಅಣ್ಣ, ಅಂದರೆ ಈ ಮಾವ, ಕೇಳಿದಾಗ, "ಹಳೇ ಸಂಕಟಕ್ಕೆ ಕರೆಂಟು ಕೊಡೋದು" ಎಂದಿದ್ದಳು. ಕಿರುಬೆರಳಿಗೆ ಗಾಜಿನ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸಿದರೆ ಅವಳ ಗಿಟಾರ್ ಮನುಷ್ಯರ ಹಾಗೆ ನರಳುತ್ತಿತ್ತು, ಗೊಣಗುತ್ತಿತ್ತು, ಜಗಳಕ್ಕೆ ನಿಲ್ಲುತ್ತಿತ್ತು. ಆಲ್ಬಮ್ ಕೇಳಿದವರು ಕೆಲವರೇ. ಆದರೆ ಕೇಳಿದವರು ಎರಡನೆಯದು ಯಾವಾಗ ಎಂದು ಲಾಂಡ್ರಿಗೇ ಬಂದು ವಿಚಾರಿಸುತ್ತಿದ್ದರು.

ಎರಡನೆಯದು ಕೊನೆಯ ಹಾಡಿನಲ್ಲಿ ಮುರಿದುಬಿತ್ತು.

"ನೀನು ತಾಳ ಬಿಟ್ಟು ಓಡ್ತೀಯ," ಎಂದ ಮೌನಿ.

"ನೀನು ತೆವಳ್ತೀಯ," ಎಂದ ಗುಡುಗಣ್ಣ.

ಅಷ್ಟಕ್ಕೇ ಇಬ್ಬರೂ ಮಾತು ಬಿಟ್ಟರು, ವರ್ಷಗಟ್ಟಲೆ. ಅವಳು ಇಬ್ಬರ ಮನೆಗೂ ಅಲೆದಳು, ಬೈದಳು, ಅತ್ತಳು. ಕೊನೆಗೆ ಇಸ್ತ್ರಿ ಮಾಡುತ್ತ, ಮಗಳನ್ನು ಬೆಳೆಸುತ್ತ, ಸಂಜೆ ಹೊತ್ತು ಒಬ್ಬಳೇ ಕೂತು ಅದೇ ಹಾಡನ್ನು ತಿದ್ದುತ್ತ ಹೋದಳು.

*

ಶ್ವಾಸಕೋಶ ಕೈಕೊಟ್ಟ ಮೇಲೆ ಹಾಸಿಗೆಯ ಪಕ್ಕ ಮೈಕು ಇಡಿಸಿಕೊಂಡಳು. ಉಸಿರು ಸಾಲದೆ ಅರ್ಧಕ್ಕೇ ನಿಂತ ಸಾಲನ್ನು ಗಿಟಾರಿನಿಂದ ಮುಗಿಸುತ್ತಿದ್ದಳು.

"ಸಾಕು ಮಾಡಮ್ಮ," ಎಂದಳು ಮಗಳು.

"ಸಾಕು ಅನ್ನೋಕೆ ನಾನೇನು ಊಟಕ್ಕೆ ಕೂತಿದೀನಾ?" ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದಳು: "ನನ್ನ ಪಾಲು ಮುಗೀತು. ಮಿಕ್ಕಿದ್ದು ಅವರಿಬ್ರದ್ದು. ಕರೆದ್ರೆ ಬರಲ್ಲ, ಸತ್ರೆ ಬರ್ತಾರೆ. ಆವತ್ತೇ ಹಿಡ್ಕೊ. ನನ್ನ ಎತ್ತೋಕೆ ಮುಂಚೆ."

*

ಮಗಳು ಧ್ವನಿಮುದ್ರಣದ ಗುಂಡಿ ಒತ್ತಿದಳು. ಹೆಡ್‌ಫೋನಿನಲ್ಲಿ ಸತ್ತವಳ ಗಿಟಾರ್ ಶುರುವಾಯಿತು. ಇಬ್ಬರೂ ಕೂಡಿಕೊಂಡರು. ಗಿಟಾರಿನ ಹಿಂದೆಯೇ ಸತ್ತವಳ ದನಿ ಹಾಡತೊಡಗಿದ್ದೇ ತಡ, ಗುಡುಗಣ್ಣನ ಕೈ ತಾಳ ಬಿಟ್ಟು ಓಡಿತು. ಕಡ್ಡಿ ಕೆಳಗಿಟ್ಟು ಮುಖ ಒರೆಸಿಕೊಂಡ.

"ನಾನು ಓಡ್ಬಿಟ್ಟೆ."

ಮೌನಿ ಅವನತ್ತ ಕುರ್ಚಿ ತಿರುಗಿಸಿದ. "ಇಲ್ಲ ಕಣೋ. ನಾನೇ ಹಿಂದೆ ಬಿದ್ದೆ."

"ಇನ್ನೊಂದು ಸಲ," ಎಂದಳು ಮಗಳು.

ಅಷ್ಟರಲ್ಲಿ ಶವದ ಗಾಡಿಯ ಚಾಲಕ ಒಳಗೆ ಬಂದ. "ಹೊರಡೋಣ್ವಾ?"

ಎಲ್ಲರೂ ಮಾವನ ಮುಖ ನೋಡಿದರು. ಅವರು ತಂಗಿಯ ಮುಖ ನೋಡುತ್ತಿದ್ದರು. "ಸ್ವಲ್ಪ ತಾಳಪ್ಪ," ಎಂದರು. "ನಮ್ಮ ಹುಡುಗಿ ಹಾಡ್ತಿದ್ದಾಳೆ."

ಚಾಲಕ ಡ್ರಮ್ಮು ನೋಡಿದ, ತಂತಿಗಳನ್ನು ನೋಡಿದ, ಹಾಸಿಗೆಯ ಮೇಲಿದ್ದವಳನ್ನು ನೋಡಿದ.

"ನನ್ನ ಗಾಡಿ ಸದ್ದು ಇದರಲ್ಲಿ ಬೀಳುತ್ತಾ?"

"ಬೀಳುತ್ತೆ," ಎಂದಳು ಮಗಳು.

ಅವನು ಹೋಗಿ ಎಂಜಿನ್ ಆರಿಸಿ ಬಂದ. ಗಿಟಾರ್ ಮತ್ತೆ ಶುರುವಾಯಿತು. ಚಾಲಕ ಗೋಡೆಗೆ ಒರಗಿ ನಿಂತು, ಒಂದಕ್ಕೊಂದು ತಾಗಿ ಸದ್ದಾಗದಂತೆ ಬೀಗದ ಕೈಗಳನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡ.