ಪಕೀರಪ್ಪ ಮುಟ್ಟಿದ ಜೀಪು

ಈ ಕಥೆಯನ್ನು ಮೊದಲು ಹೇಳಿದವರು ಕಾವೇರಿಬಾಯಿ. ೧೯೮೪ರ ಚೈತ್ರದಲ್ಲಿ, ಕೋಸಗಿಯ ತಮ್ಮ ತವರುಮನೆಯ ಕಟ್ಟೆಯ ಮೇಲೆ, ಹೊತ್ತು ಇಳಿಯುವ ವೇಳೆಗೆ. ಕೇಳಲು ಕೂತವರು ಎಂಟು ಮಂದಿ. ಆಮೇಲೆ ಕೌತಾಳಂ ಕಡೆ ನಾನು ಕೇಳಿದ ಪಾಠಾಂತರದಲ್ಲಿ ಜೀಪು ಮೂರು ಸಲ ಕೆಟ್ಟಿತೆಂದಿದೆ. ಕಾವೇರಿಬಾಯಿ ಐದು ಎಂದರು. ಅವರು ಜೀಪಿದ್ದ ಮನೆಯ ಸೊಸೆಯಾದ್ದರಿಂದ ಐದನ್ನೇ ಉಳಿಸಿಕೊಂಡಿದ್ದೇನೆ.

ಅವರ ಪತಿ ಕೃಷ್ಣಮೂರ್ತಿ ಆದೋನಿಯಲ್ಲಿ ವಕೀಲರು. ಕೃಷ್ಣಮೂರ್ತಿಯವರ ತಾಯಿ, ಮಡಿಯ ಅನ್ನಪೂರ್ಣಾಬಾಯಿ, ಬಸ್ಸು ಹತ್ತುವವರಲ್ಲ. ಅವರನ್ನು ಮಂತ್ರಾಲಯಕ್ಕೆ ಕರೆದೊಯ್ಯಲೆಂದೇ ೧೯೭೮ರಲ್ಲಿ ಹರಾಜಿನ ಹಳೆಯ ಪೆಟ್ರೋಲ್ ಜೀಪನ್ನು ಕೊಂಡರು. ಅದು ಕೆಟ್ಟಾಗಲೆಲ್ಲ ಮೇಸ್ತ್ರಿ ಪಕೀರಪ್ಪ ಸಂಜೆ ರಿಪೇರಿ ಮಾಡಿ ಓಡಿಸಿ ತೋರಿಸುವನು. ಬೆಳಗ್ಗೆ ಹೊರಡುವಾಗ ಜೀಪು ಕೆಮ್ಮಿ ನಿಲ್ಲುವುದು. ಕಾಯಿಲ್ಲು ಬದಲಾಯಿತು, ಪ್ಲಗ್ಗು ಬದಲಾದವು, ವೈರು ಬದಲಾಯಿತು. ಖರ್ಚು ಜೀಪಿನ ಅರ್ಧ ಬೆಲೆಗೆ ಬಂದಿತು.

ಐದನೆಯ ಸಲ ಕೆಟ್ಟಾಗ ಕೃಷ್ಣಮೂರ್ತಿ ಆದೋನಿಯ ಹತ್ತಿ ಪೇಟೆಯಲ್ಲೇ ಅವನನ್ನು ನಿಲ್ಲಿಸಿದರು.

"ಬೇಕಂತ ಕೆಡಸ್ತೀ ಕಳ್ಳಾ!"

"ಸಾಮೇರಾ, ಪ್ಲಗ್ಗಿಗೆ ಕರೆಂಟು ಹಂಚೋ ಡಿಸ್ಟ್ರಿಬ್ಯೂಟರ್ ಮುಚ್ಚಳದಾಗ ದಿನಾ ತ್ಯಾವ ಐತ್ರಿ. ನೀರು ಎಲ್ಲಿಂದ ಬರತೈತಿ?"

"ಆದೋನಿಯಾಗ ಕುಡೀಲಿಕ್ಕೇ ನೀರಿಲ್ಲ, ನಿನ್ನ ಇಂಜಿನ್ನಿಗೆ ಗಂಗಿ ಬಂದಾಳೇನು?"

ಪೇಟೆ ನಕ್ಕಿತು. ಆಮೇಲೆ ಒಂದು ತಿಂಗಳು ಪಕೀರಪ್ಪನ ಶೆಡ್ಡಿಗೆ ಒಂದು ಗಾಡಿಯೂ ಬರಲಿಲ್ಲ.

ಹೆಸರು ಉಳಿಸಿಕೊಳ್ಳಲು ಅವನು ಕರೆಯದೆಯೇ ಬಂದು, ಕೂಲಿ ಕೇಳದೆ ಜೀಪನ್ನು ಸರಿಮಾಡಿದನು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಾಗಿಲ ಬಳಿ ನಿಂತು ಕಾದನು.

ಒದ್ದೆ ಸೀರೆಯುಟ್ಟು ಅನ್ನಪೂರ್ಣಾಬಾಯಿ ಹಿತ್ತಾಳೆ ಕೊಡದೊಂದಿಗೆ ಬಂದರು. ಕೊಕ್ಕೆ ಬಿಚ್ಚಿ, ಬಾನೆಟ್ಟನ್ನು ಹೆಗಲಿಗೆ ಆನಿಸಿಕೊಂಡು, ಮಂತ್ರ ಹೇಳುತ್ತ ಇಂಜಿನ್ನಿನ ಮೇಲೆ ನೀರು ಸುರಿದರು.

"ಅಮ್ಮಾರ! ಏನ್ ಮಾಡಾಕ ಹತ್ತೀರಿ?"

"ಬಂದ್ಯಾ ಪಕೀರಪ್ಪ? ದೂರ ನಿಲ್ಲಪ್ಪ, ಮಡ್ಯಾಗ ಇದ್ದೀನಿ. ನೀ ಎಲ್ಲೆಲ್ಲಿ ಕೈ ಹಾಕಿರ್ತಿ, ಅಲ್ಲೆಲ್ಲಾ ನೀರು ಹಾಕ್ತೀನಿ. ಪ್ರತಿ ಸಲ ಹಾಕ್ತೀನಿ. ಹೋಗೂದು ರಾಯರ ಹತ್ರ ನೋಡು."

ಕೃಷ್ಣಮೂರ್ತಿ ಮೆಟ್ಟಿಲ ಮೇಲೆ ಕೀಲಿಕೈ ಹಿಡಿದು ನಿಂತುಬಿಟ್ಟರು.

ಇಲ್ಲಿ ಕಾವೇರಿಬಾಯಿ ಕಥೆ ನಿಲ್ಲಿಸಿ ಹೇಳಿದರು: "ಆ ನೀರು ಸೇದಿ ಕೊಟ್ಟಾಕಿ ನಾನೇ. ಅಷ್ಟೂ ಸಲ. ತುಳಸಿಗೆ ಅಂತ ತಿಳ್ಕೊಂಡಿದ್ದೆ."

ಪಕೀರಪ್ಪ ತನ್ನ ಅಂಗೈಗಳನ್ನು ಮಗುಚಿ ಮಗುಚಿ ನೋಡಿಕೊಂಡನು. "ನಾ ಮುಟ್ಟಿದ್ದಕ್ಕ ತೊಳೀತೀರಿ, ತೊಳದಿದ್ದಕ್ಕ ಕೆಡತೈತಿ, ಕೆಟ್ಟಿದ್ದಕ್ಕ ನನ್ನ ಕಳ್ಳ ಅಂತೀರಿ. ರೊಕ್ಕ ಬ್ಯಾಡ ಸಾಮೇರಾ. ಪ್ಯಾಟ್ಯಾಗ ಎಲ್ಲಿ ಅಂದ್ರೋ ಅಲ್ಲೇ ನಿಂತು ಇದನ್ನೂ ಹೇಳ್ರಿ."

"ನಮ್ಮವ್ವನ ಹೆಸರು ಪ್ಯಾಟ್ಯಾಗ ಹೆಂಗ ತರ್ಲೋ?"

"ಯಾಕ, ನಾ ಏನು ತಪ್ಪು ಮಾಡೀನಿ?" ಎಂದರು ಅನ್ನಪೂರ್ಣಾಬಾಯಿ, ಖಾಲಿ ಕೊಡ ಹಿಡಿದು.

ಕೃಷ್ಣಮೂರ್ತಿ ಪೇಟೆಯಲ್ಲಿ ಅದನ್ನು ಹೇಳಲೇ ಇಲ್ಲ. ಮೂರು ತಿಂಗಳಲ್ಲಿ ಪಕೀರಪ್ಪ ಶೆಡ್ಡು ಕಿತ್ತು ಬಳ್ಳಾರಿ ಕಡೆ ಹೊರಟುಹೋದನು.

ಕಟ್ಟೆಯ ಕೆಳಗೆ, ನೆಲದ ಮೇಲೆ ಕೂತಿದ್ದ ಲಿಂಗಕ್ಕ ಕೇಳಿದಳು: "ನೀವರ ಹೇಳಬಾರದಿತ್ತೇನ್ರಿ ಬಾಯೇರ?"

"ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಹೇಳೀನಿ. ಆದೋನಿಗೆ ಹೋಗವ್ರು ಹತ್ತಿ ಪ್ಯಾಟ್ಯಾಗ ಹೇಳ್ರಿ."

ಲಿಂಗಕ್ಕ ಸೀರೆಯ ಧೂಳು ಕೊಡವಿ ಮೊದಲು ಎದ್ದಳು. ಕಟ್ಟೆಯ ಮೇಲಿದ್ದವರೂ ಒಬ್ಬೊಬ್ಬರಾಗಿ ಇಳಿದು, ಹತ್ತಿ ಪೇಟೆಯ ಮಾತೆತ್ತದೆ ಅವಳ ಹಿಂದೆಯೇ ತಮ್ಮ ತಮ್ಮ ಮನೆಗಳಿಗೆ ನಡೆದರು.