ಎರಡನೇ ಸಾಕ್ಷಿ

“ಸ್ವಲ್ಪ ನಿಲ್ಲಿ, ಒಂದು ಸಹಿ ಬಾಕಿ ಇದೆ,” ಎನ್ನುತ್ತ ಪಕ್ಷಿಸಂಘದ ಕಾರ್ಯದರ್ಶಿ ಹೆಣಕ್ಕೇ ಅಡ್ಡ ನಿಂತ. ಹೊತ್ತಿದ್ದ ನಾಲ್ವರು ಹೊಸ್ತಿಲಲ್ಲೇ ಕಲ್ಲಾದರು. ಅವನ ಕಂಕುಳಲ್ಲಿದ್ದ ದಾಖಲೆ ಪುಸ್ತಕವನ್ನು ಹೊರಲು ಇನ್ನೂ ನಾಲ್ವರು ಬೇಕಿತ್ತು, ಅಷ್ಟು ದಪ್ಪ.

“ಏನ್ರೀ ಇದು, ಕರುಳು ಅನ್ನೋದು ಇಲ್ವಾ ನಿಮಗೆ?” ಸತ್ತವನ ತಂಗಿ ರೇಗಿದಳು.

“ನಿಯಮ ಅಮ್ಮಾ. ಅಪರೂಪದ ಹಕ್ಕಿ ಕಂಡೆ ಅಂದ್ರೆ ಎರಡನೇ ಸಾಕ್ಷಿ ಬೇಕು. ಕಂಡವರು ಕೊನೇ ಸಲ ಮನೆ ಬಿಟ್ಟು ಹೊರಡೋ ತನಕ ಕಾಯ್ತೀವಿ. ಆಮೇಲೆ ಆ ದಾಖಲೆ ಮೇಲೆ ಕೆಂಪು ಗೀಟು.”

ಸತ್ತವನು ಬೀಗ ರಿಪೇರಿಯವನು. ಅವನ ಕೆಮ್ಮು ಕೇಳಿದರೆ ಸಾಕು, ಮೂರು ಬೀದಿಯಾಚೆಯ ಬೀಗಗಳೂ ತಾವಾಗಿ ಬಾಯಿ ತೆರೆಯುತ್ತಿದ್ದವು. ಏಳು ವರ್ಷದ ಹಿಂದೆ ಊರಂಚಿನ ಜೌಗಿನಲ್ಲಿ ಜೊಂಡುಬಕ ಎಂಬ ಅಪರೂಪದ ಹಕ್ಕಿ ಕಂಡೆನೆಂದು ಬರೆಸಿದ್ದ. ಅಂದಿನಿಂದ ಎರಡು ಸಾವಿರ ಬೆಳಿಗ್ಗೆ ಯಾರ್‍ಯಾರನ್ನೋ ಕರೆದೊಯ್ದರೂ ಆ ಹಕ್ಕಿ ಒಬ್ಬರಿಗೂ ಮುಖ ತೋರಿಸಲಿಲ್ಲ.

“ನಕಲಿ ಕೀಲಿ ಮಾಡೋ ಕೈ, ಹಕ್ಕಿನೂ ಮಾಡಿರುತ್ತೆ ಬಿಡಿ,” ಎಂದ ಕ್ಷೌರದವನು. ಹಿಂದಿನ ಸಾಲು ಕೆಮ್ಮಿನಲ್ಲಿ ನಗು ಮುಚ್ಚಿತು.

ಕಾರ್ಯದರ್ಶಿ ಕೆಂಪು ಪೆನ್ನಿನ ಮುಚ್ಚಳ ತೆಗೆದ. ಸತ್ತವನ ಹೆಂಡತಿ ತಲೆಯೆತ್ತಿದಳು.

*

ಹಕ್ಕಿ ಬರೆಸಿದ ಆ ವರ್ಷ ಗಂಡ ಜೌಗಿಗೆ ಹೊರಡುವ ಮುನ್ನ ತಲೆ ಬಾಚಿಕೊಳ್ಳತೊಡಗಿದ್ದ. ಹಕ್ಕಿಗೆ ಯಾರಾದರೂ ಬೈತಲೆ ತೆಗೆದು ತೋರಿಸುತ್ತಾರೆಯೇ? ಒಂದು ಬೆಳಿಗ್ಗೆ ಅವಳು ಸದ್ದಿಲ್ಲದೆ ಹಿಂದೆಯೇ ಹೋಗಿ, ಮೊಣಕಾಲುದ್ದ ಕೆಸರಿನಲ್ಲಿ, ಪೊದೆಯ ಮರೆಗೆ ಅವಿತಳು. ಜಗತ್ತಿನ ಅಷ್ಟೂ ಸೊಳ್ಳೆಗಳು ಅಲ್ಲೇ ಮಹಾಸಭೆ ಸೇರಿದ್ದವು. ಗಂಡ ಮಂಡಿಯೂರಿ, ಅವಳು ಎಂದೂ ಕೇಳಿರದ ದನಿಯಲ್ಲಿ, “ಹೋಗ್ಬೇಡ, ಇನ್ನೊಂದು ಕ್ಷಣ ಇರು,” ಎನ್ನುತ್ತಿದ್ದ. ಅವಳು ಹಲ್ಲು ಕಚ್ಚಿ ಹೆಂಗಸಿಗಾಗಿ ಹುಡುಕಿದಳು.

ಹೆಂಗಸಿರಲಿಲ್ಲ. ಹಕ್ಕಿಯಿತ್ತು. ಮನೆಗೆ ಬಂದು ಕಾಲು ತೊಳೆದುಕೊಂಡಳು. ಊರು ಅವನನ್ನು ಸುಳ್ಳನೆಂದಾಗಲೂ ಬಾಯಿ ಬಿಡಲಿಲ್ಲ. ಬಿಟ್ಟರೆ, ಅಲ್ಲಿ ನಿನಗೇನು ಕೆಲಸ ಎಂದು ಅವನೇ ಕೇಳುತ್ತಿದ್ದ.

*

“ನಾನು ನೋಡಿದ್ದೀನಿ.”

“ಹೇಗಿತ್ತು?” ಕಾರ್ಯದರ್ಶಿಯ ಕಣ್ಣು ಸೂಜಿಯಾಯಿತು.

“ಒಣ ಜೊಂಡಿನ ಬಣ್ಣ. ಕೊಕ್ಕು ಆಕಾಶಕ್ಕೆ. ಗಾಳಿಗೆ ಜೊಂಡು ಓಲಾಡಿದ್ರೆ ತಾನೂ ಓಲಾಡ್ತಿತ್ತು, ಕಳ್ಳಮುಂಡೇದು.”

“ಅವರೇ ಮನೇಲಿ ಹೇಳಿರಬಹುದಲ್ಲ?”

“ಮನೇಲಿ ಹೇಳೋ ಗಂಡ ಆಗಿದ್ದಿದ್ರೆ ನಾನ್ಯಾಕೆ ಸ್ವಾಮಿ ಕೆಸರಿಗಿಳೀತಿದ್ದೆ?”

ಕಾರ್ಯದರ್ಶಿ ಕೆಂಪು ಪೆನ್ನು ಮುಚ್ಚಿ ನೀಲಿ ಪೆನ್ನು ಕೊಟ್ಟ. ಅವಳು ಸಹಿ ಹಾಕಿದಳು.

“‘ಜೌಗಿಗೆ ಬಂದ ಉದ್ದೇಶ’ ಅಂತ ಒಂದು ಕಲಂ ಇದೆ ಅಮ್ಮಾ. ಖಾಲಿ ಬಿಟ್ರೆ ಸಾಕ್ಷಿ ನಿಲ್ಲಲ್ಲ.”

“ಹಕ್ಕಿ ನೋಡೋಕೆ ಅಂತ ಬರೀರಿ ಅತ್ತಿಗೆ,” ನಾದಿನಿ ಕಿವಿಯಲ್ಲಿ ಉಸುರಿದಳು.

ಇಡೀ ಬೀದಿ ಕತ್ತು ಉದ್ದ ಮಾಡಿತು. ಅವಳು ಒಂದೊಂದು ಅಕ್ಷರವನ್ನೂ ಕುಂಬಳಕಾಯಿ ಗಾತ್ರಕ್ಕೆ ಬರೆದಳು: ‘ಗಂಡನ ಮೇಲೆ ಅನುಮಾನ.’ ಆಮೇಲೆ, ಮಸಿ ಆರಲೆಂದು, ಪುಸ್ತಕವನ್ನು ಜನರ ಕಡೆಗೆ ತಿರುಗಿಸಿ ಎತ್ತಿ ಹಿಡಿದಳು.