ಮೊಳೆಗೆ ಕೊಡದ ಉಂಗುರ

ನಮ್ಮ ಮನೆಗೂ ಉಕ್ಕು ಕಡೆಯುವ ಲೇತ್ ಶೆಡ್ಡಿಗೂ ನಡುವೆ ಒಂದು ಓಣಿ ಮಾತ್ರ ಅಡ್ಡ. ಅಲ್ಲಿ ಯಂತ್ರ ಶುರುವಾದರೆ ಇಲ್ಲಿ ಅಡುಗೆಮನೆಯ ತಟ್ಟೆಗಳು ಸಣ್ಣಗೆ ಗುನುಗುತ್ತವೆ. ಗಂಡ ಅಲ್ಲಿ ದುಡಿದ, ಮಗ ದುಡಿದ, ಈಗ ಮೊಮ್ಮಗಳು ದುಡಿಯುತ್ತಾಳೆ. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅವಳನ್ನು ಗುಬ್ಬಿ ಎಂದೇ ಎಲ್ಲರೂ ಕರೆಯುವುದು. ಕೆಲಸ ಮುಗಿದಾಗ ಯಂತ್ರ ಉಸಿರು ಬಿಡುತ್ತ ನಿಧಾನಕ್ಕೆ ನಿಲ್ಲುತ್ತದೆ. ನಡುವೆ ಗಕ್ಕನೆ ನಿಂತಿತೋ, ಓಣಿಯ ಹೆಂಗಸರೆಲ್ಲ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಬರುತ್ತೇವೆ.

ಶೆಡ್ಡಿನ ಬಾಗಿಲೊಳಗೆ ಎಡಕ್ಕೆ ಒಂದು ಹಲಗೆ, ಹಲಗೆಯ ತುಂಬ ಮೊಳೆ. ಹೊಸಬರು ಮೊದಲ ಸಲ ತಪ್ಪಿಲ್ಲದೆ ಒಂದು ಶಾಫ್ಟ್, ಅಂದರೆ ಯಂತ್ರದ ದಂಡ, ಕಡೆದ ದಿನ, ಉಳಿದ ತುಂಡಿನಲ್ಲಿ ತಮಗೊಂದು ಉಂಗುರ ಮಾಡಿಕೊಳ್ಳುವುದು ಅಲ್ಲಿನ ರೂಢಿ. ಉಕ್ಕಿನ ಉಂಗುರ. ಮದುವೆಯ ಉಂಗುರ ಅಡವಿಟ್ಟವರಿದ್ದಾರೆ, ಇದನ್ನು ಮಾತ್ರ ಯಾರೂ ಬಿಡಲಿಲ್ಲ. ಆದರೆ ಅದನ್ನು ತೊಟ್ಟು ಯಂತ್ರದ ಹತ್ತಿರ ಹೋಗುವ ಹಾಗಿಲ್ಲ. ಬೆಳಿಗ್ಗೆ ಮೊಳೆಗೆ ಹಾಕಬೇಕು, ಸಂಜೆ ತೆಗೆದುಕೊಳ್ಳಬೇಕು. ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಂದುಬಿಡುತ್ತದೆ. ನನ್ನ ಗಂಡನ ಬೆರಳನ್ನು ನಾನು ಕಂಡಿದ್ದೇನೆ; ಅದರ ಮಾತು ಬೇಡ.

ಸತ್ತವರ ಉಂಗುರ ಅವರವರ ಮೊಳೆಯಲ್ಲೇ ಉಳಿಯುತ್ತದೆ. ಧೂಳು ಒರೆಸುತ್ತಾರೆ, ತೆಗೆಯುವುದಿಲ್ಲ.

ನನ್ನ ಮಗ ಒಂದು ದಿನ ಅವಸರದಲ್ಲಿ ಉಂಗುರವನ್ನು ಮೊಳೆಯಲ್ಲೇ ಮರೆತು ಹೊರಟ. ಅಷ್ಟು ವರ್ಷದಲ್ಲಿ ಅದೊಂದೇ ಸಲ ಮರೆತದ್ದು. ಓಣಿಯ ತಿರುವಿನಲ್ಲಿ ಲಾರಿ ಬಂತು. ಮಣ್ಣು ಮಾಡಿ ಬಂದ ಮರುದಿನ ಗುಬ್ಬಿ ಶೆಡ್ಡಿಗೆ ಹೋಗಿ ಅಪ್ಪನ ಉಂಗುರ ಕೇಳಿದಳು. ಮೇಸ್ತ್ರಿ ರೂಢಿ ಮುರಿದು ಕೊಟ್ಟ. ಅವನೂ ಅಳುತ್ತಿದ್ದನಂತೆ. ಕೆಲ ತಿಂಗಳಿಗೆ ಅವಳೂ ಅಲ್ಲೇ ಕೆಲಸಕ್ಕೆ ಸೇರಿದಳು.

ಒಂದು ಬೆಳಿಗ್ಗೆ ಅವಳು ಚಹಾ ಕುಡಿಯುತ್ತ ಕೂತಿದ್ದಾಗ ನಡುಬೆರಳಿನ ಬಟ್ಟೆಪಟ್ಟಿ ಕಣ್ಣಿಗೆ ಬಿತ್ತು.

"ಆ ಗಾಯ ಇನ್ನೂ ಮಾಯ್ಲಿಲ್ವೇನೇ? ಬೇಸಿಗೆ ಹೋಗಿ ಚಳಿ ಬಂತು."

"ಮಾಯ್ತಾ ಇದೆ ಬಿಡಜ್ಜಿ."

ಹಿಡಿದು ನೋಡಿದೆ. ಬಟ್ಟೆಯ ಕೆಳಗೆ ಗಟ್ಟಿಯಾಗಿ, ದುಂಡಗೆ ಕೈಗೆ ಹತ್ತಿತು. ಮಗನ ಉಂಗುರ.

"ಇದನ್ನ ಹಾಕ್ಕೊಂಡೇ ಯಂತ್ರದ ಮುಂದೆ ನಿಲ್ತೀಯಾ?"

ಗುಬ್ಬಿ ಲೋಟ ಕೆಳಗಿಟ್ಟಳು. "ಮೊಳೆಗೆ ಹಾಕಲ್ಲ ಅಜ್ಜಿ. ಅಪ್ಪ ಅಲ್ಲೇ ಬಿಟ್ಟು ಬಂದ, ಏನಾಯ್ತು?"

"ಮನೇಲಿಟ್ಟು ಹೋಗು."

"ಮೊಳೆ ಆದ್ರೇನು, ಪೆಟ್ಟಿಗೆ ಆದ್ರೇನು? ನಮ್ಮೋರ ಮೈಮೇಲಿಂದ ಇಳಿದು ಹಿಂದೆ ಉಳಿದ ದಿನಾನೇ ಅವನು ಹೋದದ್ದು. ಇನ್ನೊಂದು ಸಲ ಇಳೀಬಾರದು."

ಕೊರಳಿಗೆ ಕಟ್ಟಿಕೋ ಎನ್ನಲು ಬಾಯಿ ತೆರೆದು ನಾಲಿಗೆ ಕಚ್ಚಿಕೊಂಡೆ. ಬಗ್ಗಿದಾಗ ದಾರ ಸಿಕ್ಕಿದರೆ ಬೆರಳಲ್ಲ, ಕೊರಳೇ ಹೋಗುತ್ತದೆ.

"ಈಗಲೇ ತೆಗಿ. ಇಲ್ಲಾಂದ್ರೆ ಮೇಸ್ತ್ರಿಗೆ ಹೇಳ್ತೀನಿ."

"ಹೇಳು. ಕೆಲಸದಿಂದ ತೆಗೀತಾನೆ. ಆಮೇಲೆ ಇಬ್ಬರೂ ಕೂತು ಓಣಿ ನೋಡೋಣ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಅತ್ತ ದರಿ, ಇತ್ತ ಹುಲಿ. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಬೆರಳು. ಅವಳದು ಮೂಢನಂಬಿಕೆ ಎಂದು ಬೈಯೋಣವೆಂದರೆ ನನಗೂ ಒಳಗೊಳಗೇ ಆ ಮೊಳೆ ಕಂಡರೆ ಆಗುತ್ತಿರಲಿಲ್ಲ. ತಟ್ಟೆಗಳು ಗುನುಗತೊಡಗಿದವು. ಬೆರಳು ಹೋದರೆ ಮತ್ತೆ ಬರುವುದಿಲ್ಲ, ಕೆಲಸವಾದರೆ ಇನ್ನೊಂದು ಸಿಕ್ಕೀತು ಎಂದುಕೊಂಡು ಎದ್ದೆ. ಸೆರಗು ಸರಿಮಾಡಿಕೊಂಡು ಒಂದು ಕಾಲಿಗೆ ಚಪ್ಪಲಿ ಹಾಕಿದ್ದೆ, ಅಷ್ಟೆ.

ತಟ್ಟೆಗಳು ಗಕ್ಕನೆ ಸುಮ್ಮನಾದವು.

ಇನ್ನೊಂದು ಚಪ್ಪಲಿ ಅಲ್ಲೇ ಉಳಿಯಿತು. ಒಂಟಿ ಚಪ್ಪಲಿಯಲ್ಲೇ ಓಣಿ ದಾಟಿದೆ. ಬಾಗಿಲಲ್ಲಿ ಜನ ಅಡ್ಡ ನಿಂತಿದ್ದರು. ತಳ್ಳಿಕೊಂಡು ಒಳಗೆ ನುಗ್ಗಿದೆ.

ಗುಬ್ಬಿ ನೆಲದ ಮೇಲೆ ಕೂತಿದ್ದಳು. ಮೊದಲು ಬೆರಳುಗಳನ್ನು ನೋಡಿದೆ. ಐದೂ ಇದ್ದವು. ತಿರುಗುವ ಶಾಫ್ಟಿಗೆ ಉಜ್ಜುವ ಎಮರಿ ಪಟ್ಟಿ ಹಿಡಿದು ನಯ ಮಾಡುತ್ತಿದ್ದಳಂತೆ. ಅದು ಶಾಫ್ಟಿಗೆ ಸುತ್ತಿಕೊಂಡು, ಉಂಗುರ ಸೇರಿಸಿ ಕೈಯನ್ನು ಒಳಗೆಳೆದಿತ್ತು. ಮೇಸ್ತ್ರಿ ಕಾಲಲ್ಲಿ ಬ್ರೇಕ್ ಒದ್ದದ್ದರಿಂದ ಉಳಿದಳು. ಬಟ್ಟೆ ಹರಿದು ಬೆರಳಿನ ಉಂಗುರ ಹೊರಗೆ ಕಾಣುತ್ತಿತ್ತು. ಅದರ ಎರಡೂ ಕಡೆ ಬೆರಳು ಬದನೆಕಾಯಿಯ ಹಾಗೆ ಊದುತ್ತಿತ್ತು.

"ನಮ್ಮಪ್ಪನಾಣೆ, ನನಗೆ ಗೊತ್ತಿರಲಿಲ್ಲ ಅಮ್ಮಾ," ಎಂದ ಮೇಸ್ತ್ರಿ. "ಚಿನ್ನ ಆಗಿದ್ರೆ ಕತ್ತರಿಸಬಹುದಿತ್ತು. ಇದು ಉಕ್ಕು, ಇಲ್ಲಿನ ಗರಗಸ ಹಚ್ಚಿದ್ರೆ ಬೆರಳೂ ಹೋಗುತ್ತೆ. ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಅಂದ್ರೆ ಬರಲ್ಲ ಅಂತಾಳೆ. ಬೆರಳು ಕಪ್ಪಾಗ್ತಾ ಇದೆ."

"ತೆಗೀಬೇಡಿ," ಎಂದಳು ಗುಬ್ಬಿ. "ಬೆರಳು ಹೋದ್ರೆ ಹೋಗ್ಲಿ. ಅಜ್ಜಿ, ಬೇಡ."

ಅವಳು ಕೈಯನ್ನು ನೋಡುತ್ತಿರಲಿಲ್ಲ. ಹಲಗೆಯ ಮೇಲಿದ್ದ ಅಪ್ಪನ ಬರಿಯ ಮೊಳೆಯನ್ನೇ ನೋಡುತ್ತಿದ್ದಳು.

ಸೂಜಿ, ದಾರ, ಸೋಪು ತರಿಸಿದೆ. ಅಪ್ಪನ ಉಂಗುರ ಸಡಿಲವೆಂದು ಅವಳು ಒಳಗೆ ನೂಲು ಸುತ್ತಿಕೊಂಡಿದ್ದಳು. ಅದನ್ನು ಸೂಜಿಯಿಂದ ಎಳೆಯೆಳೆಯಾಗಿ ಕಿತ್ತು ತೆಗೆದೆ. ಕೂದಲೆಳೆಯಷ್ಟು ಜಾಗವಾಯಿತು. ಸೂಜಿಯ ಹಿಂಬದಿಯಿಂದ ಗಟ್ಟಿ ದಾರವನ್ನು ಉಂಗುರದ ಕೆಳಗೆ ತೂರಿಸಿ, ಅಲ್ಲಿಂದ ಗೆಣ್ಣಿನ ಆಚೆಯವರೆಗೆ ಬೆರಳಿಗೆ ಒತ್ತಾಗಿ ಸುತ್ತಿದೆ. ಗುಬ್ಬಿ ಕೂಗಿದಳು. ನಾನು ಬಿಡಲಿಲ್ಲ. ಸುತ್ತಿದ ಜಾಗದಲ್ಲಿ ಊತ ಅಡಗಿ ಬೆರಳು ಸಣ್ಣದಾಯಿತು. ಆಮೇಲೆ ಅಂಗೈ ಕಡೆಯ ತುದಿ ಹಿಡಿದು ಬಿಚ್ಚುತ್ತ ಬಂದೆ. ಒಂದೊಂದು ಸುತ್ತಿಗೂ ಉಂಗುರ ಒಂದಿಷ್ಟು ಮುಂದೆ ಜಾರಿತು. ಗೆಣ್ಣಿನ ಮೇಲೆ ನಿಂತುಬಿಟ್ಟಿತು. ದಾರ ತುಂಡಾದರೆ ಎಲ್ಲ ಮುಗಿಯಿತು, ಮತ್ತೆ ತೂರಿಸಲು ಜಾಗವೇ ಇರುವುದಿಲ್ಲ. ಮೊಣಕೈಯನ್ನು ಮೊಣಕಾಲಿಗೆ ಒತ್ತಿಕೊಂಡೆ. ಸೋಪಿನ ನೀರು ಬಿಟ್ಟೆ. ಮೆಲ್ಲಗೆ ಇನ್ನೊಂದು ಸುತ್ತು ಬಿಚ್ಚಿದೆ.

ಜಾರಿ ನನ್ನ ಅಂಗೈಗೆ ಬಿತ್ತು.

ಜನರಿಗೆ ಉಸಿರು ಬಂತು. ಗುಬ್ಬಿ ಮಾತ್ರ ಹೆಣ ನೋಡಿದ ಹಾಗೆ ಉಂಗುರವನ್ನು ನೋಡಿದಳು. ಮೇಸ್ತ್ರಿ ರೂಢಿಯ ಮನುಷ್ಯ, ಕೈ ಚಾಚಿದ. "ಕೊಡಿ, ಅದರ ಜಾಗಕ್ಕೆ ಹಾಕ್ತೀನಿ."

"ಬೇಡಾ!" ಎಂದು ಅವಳು ಚೀರಿದ ರೀತಿಗೆ ಹೊರಗಿದ್ದ ಹೆಂಗಸರು ಒಳಗೆ ಬಂದುಬಿಟ್ಟರು.

ನಾನು ಏನೂ ಯೋಚಿಸಲಿಲ್ಲ. ರಕ್ತ, ಸೋಪು, ಎಣ್ಣೆ ಎಲ್ಲ ಮೆತ್ತಿದ್ದ ಉಂಗುರವನ್ನು ನನ್ನ ಹೆಬ್ಬೆರಳಿಗೆ ಹಾಕಿಕೊಂಡೆ.

"ನೋಡಿಲ್ಲಿ. ನಮ್ಮೋರ ಮೈಮೇಲೇ ಇದೆ, ಹೌದೋ ಅಲ್ವೋ? ನೀನು ಯಂತ್ರದ ಮುಂದೆ ಇರೋತನಕ ಇದು ನನ್ನ ಕೈಲಿರುತ್ತೆ. ಸಂಜೆ ಬಂದು ಇಸ್ಕೋ. ಇನ್ನು ನಿನಗೆ ನಾನೇ ಮೊಳೆ."

ಮೇಸ್ತ್ರಿಗೆ ಅಳುವೂ ನಗುವೂ ಒಟ್ಟಿಗೆ ಬಂತು. "ನಿಮ್ಮ ವಯಸ್ಸಿಗೆ, ಅಮ್ಮಾ? ಈ ಮೊಳೆನೇ ಕಳಚಿ ಬಿದ್ರೆ?"

"ತುಕ್ಕು ಹಿಡಿದ ಮೊಳೆ ಅಷ್ಟು ಸುಲಭಕ್ಕೆ ಬೀಳಲ್ಲ ಕಣಪ್ಪ."

ಗುಬ್ಬಿ ನನ್ನ ಹೆಬ್ಬೆರಳನ್ನು ಮುಟ್ಟಿ ನೋಡಿದಳು. ಆಮೇಲೆ ಆಸ್ಪತ್ರೆಗೆ ಹೋಗೋಣ ಎಂದಳು.

ಬೆರಳು ಉಳಿಯಿತು. ತುದಿ ಸ್ವಲ್ಪ ಸೊಟ್ಟಗಿದೆ. ಮೇಸ್ತ್ರಿ ಬಾಯಿಗೆ ಬಂದಂತೆ ಬೈದ, ಕೆಲಸದಿಂದ ತೆಗೆಯಲಿಲ್ಲ. ಮುಂದಿನ ವರ್ಷ ಅವಳು ತನ್ನ ಮೊದಲ ಶಾಫ್ಟ್ ಕಡೆದು ತನ್ನದೇ ಉಂಗುರ ಮಾಡಿಕೊಂಡಳು. ಅದನ್ನು ದಿನವೂ ಧೈರ್ಯವಾಗಿ ಮೊಳೆಗೆ ಹಾಕುತ್ತಾಳೆ. ಅಪ್ಪನದನ್ನು ಮಾತ್ರ ಹೊರಡುವಾಗ ನನ್ನ ಹೆಬ್ಬೆರಳಿಗೆ ತೊಡಿಸುತ್ತಾಳೆ.

ಅವಳ ಹೆದರಿಕೆ ಉಂಗುರದ ಜೊತೆಗೇ ನನ್ನ ಕೈಗೆ ದಾಟಿಬಿಟ್ಟಿದೆ. ಹೊಸ್ತಿಲಲ್ಲಿ ಕೂತು ತಟ್ಟೆಗಳ ಸದ್ದಿಗೆ ಕಿವಿ ಕೊಟ್ಟಿರುತ್ತೇನೆ. ಪಾತ್ರೆ ತೊಳೆಯುವಾಗಲೂ ತೆಗೆಯುವುದಿಲ್ಲ. ಮಧ್ಯಾಹ್ನ ಎದೆ ಒಮ್ಮೆ ಹಿಡಿದುಕೊಂಡರೆ, ಈಗ ಬೇಡ, ಮಗು ಯಂತ್ರದ ಮುಂದಿದೆ ಎಂದು ಎದೆಗೇ ಗದರುತ್ತೇನೆ. ಸಂಜೆ ಯಂತ್ರ ಉಸಿರು ಬಿಡುತ್ತ ನಿಧಾನಕ್ಕೆ ನಿಲ್ಲುತ್ತದೆ. ಗುಬ್ಬಿ ಓಣಿ ದಾಟಿ ಬಂದು ಎಣ್ಣೆಗೈ ಚಾಚುತ್ತಾಳೆ.

"ಇವತ್ತೂ ಸಾಯ್ಲಿಲ್ವಾ ಅಜ್ಜಿ?"

"ಎಲ್ಲಿ ಪುರುಸೊತ್ತು ಕೊಟ್ಟೆ ನೀನು?"